ಸವಳು ನೀರಿನ ಗಾರಿಗೆ

ನಮ್ಮ ಮನೆಯಲ್ಲಿ ಗಂಡಸರು ಒಲೆಯ ಮುಂದೆ ಕೂರುವ ಪದ್ಧತಿ ಇರಲಿಲ್ಲ. ಆದರೂ ಕುಂಬಳಕಾಯಿ ಗಾರಿಗೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಓಣಿಯ ಹೆಂಗಸರು ಇದನ್ನು ಒಪ್ಪುವುದಿಲ್ಲ. ಅದು ಅವರ ಹಣೆಬರಹ. ಈ ವಿದ್ಯೆ ನನ್ನ ಕೈಗೆ ಹತ್ತಿದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಸೀಗಿ ಹುಣ್ಣಿಮೆ ಕಳೆದ ವಾರದಲ್ಲಿ. ಅದೂ ಒಂದು ದೊಡ್ಡ ತಪ್ಪು ಮಾಡಿ.

ನನಗೆ ಇದ್ದವಳು ಒಬ್ಬಳೇ ತಂಗಿ. ಹಿಂದಿನ ಬೇಸಿಗೆಯಲ್ಲಿ ಅವಳನ್ನು ಬಾದಾಮಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೆವು. ಬಾದಾಮಿಗೆ ರೈಲು ಬಂದು ಎಷ್ಟೋ ವರ್ಷವಾಗಿತ್ತು, ಆದರೆ ಹುನಗುಂದದ ಕಡೆಯ ನಮ್ಮಂಥವರಿಗೆ ಚಕ್ಕಡಿಯೇ ಗತಿ. ಹೋಗಲು ಎರಡು ದಿನ, ಬರಲು ಎರಡು ದಿನ. ತಂಗಿಗೆ ಮೂರು ತಿಂಗಳಾಗಿದೆ, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ, ಎದ್ದು ಓಡಾಡುವಷ್ಟು ಶಕ್ತಿಯೂ ಇಲ್ಲ ಎಂದು ಆ ಕಡೆಯಿಂದ ಬಂದ ವ್ಯಾಪಾರಿಯೊಬ್ಬ ಸುದ್ದಿ ತಂದ. ಅವಳ ಅತ್ತೆ ಏನು ಮಾಡಿ ಕೊಟ್ಟರೂ ವಾಂತಿ. ಬಾಯಿಬಿಟ್ಟು ಕೇಳಿದ್ದು ಒಂದೇ, ಅವ್ವನ ಕುಂಬಳಕಾಯಿ ಗಾರಿಗೆ. ಅಂಥ ಸ್ಥಿತಿಯಲ್ಲಿ ಅವಳನ್ನು ಎರಡು ದಿನ ಚಕ್ಕಡಿಯಲ್ಲಿ ಕುಲುಕಿಸಿಕೊಂಡು ತವರಿಗೆ ತರುವ ಮಾತೇ ಇರಲಿಲ್ಲ.

ಅವ್ವ ಅದೇ ದಿನ ಹೊರಗಾಗಿದ್ದಳು. ಮೂರು ದಿನ ಅಡುಗೆಮನೆಗೆ ಕಾಲಿಡುವಂತಿಲ್ಲ. ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಮೂರು ದಿನ ಕಾಯೋಣ ಎಂದು ಅಪ್ಪ ಅಂದದ್ದಕ್ಕೆ ಅವ್ವ ಪಡಸಾಲೆಯ ಮೂಲೆಯಿಂದಲೇ ಒಂದು ನೋಟ ಬಿಟ್ಟಳು. ಅಪ್ಪ ಹೊಲದ ಕಡೆ ನಡೆದುಬಿಟ್ಟ. ಉಳಿದವನು ನಾನು.

"ನಾ ಹೇಳ್ತೇನಿ, ನೀ ಮಾಡು. ಭಾಳ ಶಾಣ್ಯಾ ಆಗಬ್ಯಾಡ, ಹೇಳಿದಷ್ಟ ಮಾಡು" ಅಂದಳು ಅವ್ವ.

ಮೊದಲು ಹಣ್ಣಾದ ಕುಂಬಳಕಾಯಿಯನ್ನು ತುರಿಯಬೇಕು. ಅದನ್ನು ಬೆಲ್ಲ, ನೀರು ಹಾಕಿ ಒಲೆಯ ಮೇಲಿಟ್ಟು, ಮೂರು ಪಾಲು ಒಂದು ಪಾಲಾಗುವ ತನಕ ಬತ್ತಿಸಬೇಕು. ಬತ್ತಿದ ಪಾಕಕ್ಕೆ ಗೋಧಿ ಹಿಟ್ಟು, ಒಣಶುಂಠಿ, ಏಲಕ್ಕಿ, ಕಸಕಸೆ ಸೇರಿಸಿ ನಾದಬೇಕು. ಮುತ್ತುಗದ ಎಲೆಗೆ ಎಣ್ಣೆ ಸವರಿ, ಅದರ ಮೇಲೆ ಉಂಡೆಯನ್ನು ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ, ಕುಸುಬಿ ಎಣ್ಣೆಯಲ್ಲಿ ಬಿಡಬೇಕು. ಮರುದಿನ ಇದನ್ನೆಲ್ಲ ಅವ್ವ ಪಡಸಾಲೆಯಲ್ಲಿ ಕೂತು ವಾಸನೆಯ ಮೇಲೆಯೇ ನಡೆಸಿದಳು. "ಉರಿ ಸಣ್ಣ ಮಾಡು, ತಳ ಹತ್ತಾಕತ್ತೈತಿ" ಎಂದು ಕೂಗುವಳು. ನೋಡಿದರೆ ಹೌದು, ತಳ ಹತ್ತುತ್ತಿರುತ್ತಿತ್ತು.

ಒಂದು ಮಾತು ಮಾತ್ರ ನಾನು ಕೇಳಲಿಲ್ಲ. ಅದು ನೀರಿನ ಮಾತು.

ನಮ್ಮೂರ ಬಾವಿಯ ನೀರು ಸವಳು. ನಾವು ಹುಟ್ಟಿದಾಗಿನಿಂದ ಕುಡಿದವರು, ನಮಗೆ ಅದರ ಉಪ್ಪು ಗೊತ್ತಾಗುವುದಿಲ್ಲ. ಹೊರಗಿನವರು ಒಂದು ಗುಟುಕು ಕುಡಿದು ಮುಖ ಕಿವುಚುತ್ತಾರೆ. ತಂಗಿಯ ಮದುವೆ ನಮ್ಮ ಮನೆಯಂಗಳದಲ್ಲೇ ನಡೆದಾಗ, ಅವಳ ಅತ್ತೆ ಪಂಕ್ತಿಯಲ್ಲಿ ಕೂತು ಸಾರನ್ನು ಕಲಸಿ ನೋಡಿ ಎಲ್ಲರಿಗೂ ಕೇಳುವಂತೆ ಅಂದಿದ್ದಳು: "ಬೀಗರ ಊರ ನೀರಾಗ ಬ್ಯಾಳಿ ಕುದಿಯೂದಿಲ್ಲಂತ ಕೇಳಿದ್ದೆ, ಖರೇನ ಐತಿ ನೋಡ್ರಿ." ಪಂಕ್ತಿ ಪೂರ್ತಿ ನಕ್ಕಿತು. ಅವಳೇನೂ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಬೀಗರ ನಡುವೆ ಇಂಥ ಚೇಷ್ಟೆ ನಡೆದೇ ನಡೆಯುತ್ತದೆ. ಆದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ನಗು ಆರು ತಿಂಗಳಾದರೂ ನನ್ನ ಕಿವಿಯಲ್ಲಿತ್ತು.

ಹಾಗಾಗಿ ಅವ್ವ "ಬಾವಿ ನೀರು ಎರಡು ತಂಬಿಗಿ ಹಾಕು" ಅಂದಾಗ ನಾನು ಹೂಂ ಅಂದೆ. ಹಾಕಿದ್ದು ಮಾತ್ರ ಬೇರೆ. ನಸುಕಿನಲ್ಲೇ ಒಂದೂವರೆ ಹರದಾರಿ ನಡೆದು, ಹಳ್ಳದ ಮರಳಿನಲ್ಲಿ ಒರತೆ ತೋಡಿ, ಒಂದು ಕೊಡ ಸಿಹಿನೀರು ಹೊತ್ತು ತಂದು ಹಿತ್ತಲಲ್ಲಿ ಇಟ್ಟಿದ್ದೆ. ಬೀಗರು ಈ ಸಲ ಒಂದು ಮಾತು ಆಡಲಿ ನೋಡೋಣ ಎಂಬ ಹಟ.

ಗಾರಿಗೆ ಬಂಗಾರದ ಬಣ್ಣಕ್ಕೆ ಬಂದವು. ಅಪ್ಪ ನಾಲ್ಕು ತಿಂದು "ಚಲೋ ಆಗ್ಯಾವ" ಅಂದ. ಅಪ್ಪನಿಗೆ ಬೆಲ್ಲ ಹಾಕಿದ್ದೆಲ್ಲವೂ ಚಲೋ. ಅವ್ವ ಮುಟ್ಟಲಿಲ್ಲ. "ಮಗಳು ತಿಂದ್ಲು ಅಂತ ಸುದ್ದಿ ಬರಲಿ, ಆಮ್ಯಾಲ ನಾ ತಿಂತೇನಿ" ಅಂದಳು. ಅವಳೊಬ್ಬಳು ಬಾಯಿಗೆ ಹಾಕಿದ್ದರೆ ನನ್ನ ಕಳ್ಳತನ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಬುತ್ತಿ ಕಟ್ಟಿಕೊಂಡು ಹೊರಟೆ. ದಾರಿಯ ಎರಡೂ ಬದಿಗೆ ಜೋಳ ಮೊಣಕಾಲುದ್ದ ಎದ್ದಿತ್ತು, ಬಿಸಿಲು ಹದವಾಗಿತ್ತು, ಎತ್ತುಗಳು ತಾವಾಗಿಯೇ ಹೆಜ್ಜೆ ಹಾಕುತ್ತಿದ್ದವು. ನಾನು ಆ ಎರಡು ದಿನ ಬಹಳ ಖುಷಿಯಲ್ಲಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ತಂಗಿಯನ್ನು ನೋಡಿದಾಗ ಆ ಖುಷಿ ಇಳಿಯಿತು. ಕೈಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಅವಳು ಬುತ್ತಿಯ ಗಂಟನ್ನು ತಾನೇ ಬಿಚ್ಚಿದಳು. ಒಂದು ಗಾರಿಗೆ ಮುರಿದು ಬಾಯಿಗಿಟ್ಟು ತುಂಬ ಹೊತ್ತು ಅಗಿದಳು. ನುಂಗಿದಳು. ಉಳಿದ ಅರ್ಧವನ್ನು ಎಲೆಯ ಮೇಲೆ ಮೆಲ್ಲಗೆ ಇಟ್ಟಳು. ಸ್ವಲ್ಪ ಹೊತ್ತಿಗೆ ನುಂಗಿದ್ದೂ ಹೊರಗೆ ಬಂತು.

ಅತ್ತೆ ಅವಳ ಮುಖ ತೊಳೆಸಿ, ಬುತ್ತಿಯನ್ನು ಒಳಗೆ ಒಯ್ದಳು. ಮನೆಯವರೆಲ್ಲ ತಿಂದರು. ಎಲ್ಲರೂ ಹೊಗಳಿದರು. "ಎಷ್ಟು ಚಂದ ಆಗ್ಯಾವರಿ" ಎಂದು ಅತ್ತೆ ನನಗೇ ಹೇಳಿದಳು. ಯಾವ ಮಾತಿಗಾಗಿ ಒಂದೂವರೆ ಹರದಾರಿ ಕೊಡ ಹೊತ್ತಿದ್ದೆನೋ ಆ ಮಾತು ಸಿಕ್ಕಿತು. ಸಿಕ್ಕರೂ ನನಗೆ ಅಲ್ಲಿ ಕೂರಲಾಗಲಿಲ್ಲ.

ತಂಗಿ ಒಬ್ಬಳೇ ಇದ್ದಾಗ ಹೋಗಿ ಕೇಳಿದೆ.

"ಬೆಲ್ಲ ಕಡಿಮಿ ಆತೇನು?"

"ಬೆಲ್ಲ ಅಲ್ಲ. ಸಪ್ಪಗದಾವು ಅಣ್ಣಾ. ಇಲ್ಲಿ ಅತ್ತಿ ಮಾಡಿದ್ದೂ ಹಿಂಗ ಇರ್ತಾವು. ಇಲ್ಲಿ ನೀರ ಸೈತ ನನಗ ಇಳಿಯವಲ್ದು."

ಆಗ ತಿಳಿಯಿತು. ತಿಳಿದ ಮೇಲೆ ಬಾಯಿ ಕಟ್ಟಿಕೊಂಡು ಕೂರುವ ಸ್ವಭಾವ ನನ್ನದಲ್ಲ. "ಅವ್ವ ಬಾವಿ ನೀರು ಹಾಕಂದಿದ್ಲು. ನಾ ಹಳ್ಳದ್ದು ಹಾಕಿದೆ" ಅಂದೆ.

"ಯಾಕ?"

"ನಿಮ್ಮ ಮನಿಯವರು ಮತ್ತ ನಗಬಾರದು ಅಂತ."

ಅವಳು ಗೋಡೆಯ ಕಡೆ ಹೊರಳಿದಳು. "ನಗಲಿ ಬಿಡೋ ಅಣ್ಣಾ. ನನಗ ಹಸಿವಿ ಆಗೇತಿ" ಅಂದಳು.

ಮರುದಿನ ಬೆಳಿಗ್ಗೆಯೇ ಎತ್ತು ಹೂಡಿದೆ. ಹೋಗುವಾಗ ಇದ್ದ ಜೋಳ, ಇದ್ದ ಬಿಸಿಲು ಎಲ್ಲ ಹಾಗೇ ಇದ್ದವು. ಎತ್ತುಗಳ ಮೇಲೆ ಮಾತ್ರ ಸುಮ್ಮಸುಮ್ಮನೆ ಸಿಡುಕಿದೆ. ಮನೆ ಮುಟ್ಟುವ ಹೊತ್ತಿಗೆ ಅವ್ವ ಮೈತೊಳೆದು ಒಳಗೆ ಬಂದಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಬೈಗಳಿಗೆ ತಯಾರಾಗಿದ್ದೆ, ಅದು ಬರಲಿಲ್ಲ.

"ನಮ್ಮ ಬಾವಿ ಅಂದ್ರ ನಿನಗ ನಾಚಿಕಿ ಆತೇನೋ?" ಎಂದಷ್ಟೇ ಕೇಳಿದಳು. ಬೈದಿದ್ದರೆ ವಾಸಿಯಿತ್ತು.

ಮಗಳಿಗೆ ಕೂಸು ಹುಟ್ಟುವ ತನಕ ತಾಯಿಯಾದವಳು ಬೀಗರ ಮನೆಯ ಹೊಸ್ತಿಲು ತುಳಿಯುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ಅವ್ವ ಬರುವಂತಿರಲಿಲ್ಲ. "ನಾ ಮಾಡಿ ಕೊಟ್ರ ಎರಡು ದಿನಕ್ಕ ಆರಿ ಬಿರುಸಾಗ್ತಾವು. ನೀರು ಒಯ್ಯಿ. ಅಲ್ಲೇ ಕೂತು ಬಿಸೀವು ಮಾಡಿ ಕೊಡು. ಉಳಿದದ್ದು ಕುಡ್ಯಾಕ ಆಕ್ಕೇತಿ" ಅಂದಳು. ತಾನೇ ಬಾವಿಗೆ ಹೋಗಿ ಎರಡು ಕೊಡ ಸೇದಿ, ಬಾಯಿಗೆ ಬಟ್ಟೆ ಕಟ್ಟಿ, ಚಕ್ಕಡಿಯಲ್ಲಿ ಹುಲ್ಲಿನ ನಡುವೆ ಕೂರಿಸಿದಳು. ಮಕ್ಕಳನ್ನು ಕೂರಿಸುವಾಗಲೂ ಅವಳು ಅಷ್ಟು ಜೋಪಾನ ಮಾಡಿದ್ದು ನಾನು ಕಂಡಿಲ್ಲ.

ಬಾದಾಮಿಯ ಕಡೆ ನೀರಿಗೆ ಬರವಿಲ್ಲ. ಅಂಥ ಊರಿಗೆ ಸವಳು ನೀರು ಹೇರಿಕೊಂಡು ಹೋಗುವವನನ್ನು ಜನ ಏನೆಂದಾರು? ದಾರಿಯಲ್ಲಿ ಕೇಳಿದವರಿಗೆಲ್ಲ ಎಣ್ಣೆ ಎಂದೆ. ಬೀಗರ ಅಂಗಳದಲ್ಲಿ ಮಾತ್ರ ಸುಳ್ಳು ನಡೆಯುವಂತಿರಲಿಲ್ಲ. ಅತ್ತೆ ಹೊರಗೆ ಬಂದು ಕೊಡದ ಬಟ್ಟೆ ಸರಿಸಿ ನೋಡಿದಳು.

"ಏನ್ರಿ ಇದು?"

"ನಮ್ಮ ಬಾವಿ ನೀರ್ರಿ. ಬ್ಯಾಳಿ ಕುದಿಯದ ನೀರು." ಕಿವಿ ಬಿಸಿಯಾಗಿ ಹೋಗಿದ್ದವು. "ಆಕಿಗೆ ಇದ ಬೇಕಾಗೇತ್ರಿ."

ಅವಳು ನಗಲಿಲ್ಲ. ಕೊಡವನ್ನು ತನ್ನ ಸೊಂಟಕ್ಕೇರಿಸಿಕೊಂಡು ಒಳಗೆ ನಡೆದಳು. ಹೋಗುತ್ತಲೇ ಒಲೆ ಹೊತ್ತಿಸಿ, ಕುಂಬಳಕಾಯಿ ತುರಿಯಲು ಕೂತಳು. ನಾನು ಒಲೆಯ ಮುಂದೆ ಕೂತೆ. ಗಂಡಸು ತಟ್ಟುವುದನ್ನು ನೋಡಲು ಬಂದ ನೆರೆಯವರನ್ನು ಅವಳೇ ಗದರಿಸಿ ಕಳಿಸಿದಳು.

ಪಾಕ ಬತ್ತುವ ಹೊತ್ತಿಗೆ ತಂಗಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮೊದಲು ಆ ಕೊಡದ ನೀರನ್ನೇ ಒಂದು ತಂಬಿಗೆ ಗಟಗಟ ಕುಡಿದಳು. ಆಮೇಲೆ ಎಣ್ಣೆಯಿಂದ ತೆಗೆದ ಗಾರಿಗೆಯನ್ನು ಊದಿ ಊದಿ ಒಂದು ತಿಂದಳು. ಎರಡು ತಿಂದಳು. ಮೂರನೆಯದಕ್ಕೆ ನಾನು ಬೇಡ ಅನ್ನಬೇಕೆಂದಿದ್ದೆ, ಆದರೂ ತೆಗೆದು ಕೊಟ್ಟೆ. ಅತ್ತೆ ಬೋಗುಣಿ ಹಿಡಿದು ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ನಾವು ಮೂವರೂ ಕಾದೆವು. ಎಣ್ಣೆಯಲ್ಲಿ ಬಿಟ್ಟಿದ್ದ ಒಂದು ಗಾರಿಗೆ ಕರ್ರಗಾಯಿತು, ಯಾರೂ ತೆಗೆಯಲಿಲ್ಲ.

"ಇನ್ನೊಂದು ಕೊಡೋ" ಅಂದಳು ತಂಗಿ.

ಅತ್ತೆ ಬೋಗುಣಿಯನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಅಂದಳು. ಹೊಗೆ ಇರಲಿಲ್ಲ.

ಅಷ್ಟು ಹೊತ್ತು ಬೆಂಕಿಯ ಮುಂದೆ ಕೂತು ನನ್ನ ಗಂಟಲು ಒಣಗಿತ್ತು. ಪಕ್ಕದಲ್ಲೇ ಇದ್ದ ನಮ್ಮ ಕೊಡಕ್ಕೆ ತಂಬಿಗೆ ಅದ್ದಲು ಹೋದೆ. ಅತ್ತೆ ನನ್ನ ಕೈಯಿಂದ ತಂಬಿಗೆ ಕಸಿದುಕೊಂಡಳು.

"ಅದಕ್ಕ ಕೈ ಹಚ್ಚಬ್ಯಾಡ್ರಿ. ಅದು ನನ್ನ ಸೊಸೀದು. ನಿಮಗ ನಮ್ಮ ನೀರು ಸಾಕು" ಎಂದು ಒಳಗಿನಿಂದ ಸಿಹಿನೀರು ತಂದುಕೊಟ್ಟು, ಎರಡೂ ಕೊಡಗಳನ್ನು ದೇವರ ಮನೆಯಲ್ಲಿ ದೀಪದ ಮಾಡದ ಕೆಳಗೆ ಒಯ್ದು ಇಟ್ಟಳು. ನಮ್ಮ ಬಾವಿಯ ನೀರನ್ನು ನನ್ನಿಂದಲೇ ಬಚ್ಚಿಟ್ಟವರನ್ನು ನಾನು ಕಂಡದ್ದು ಅವತ್ತೇ.