ಪಾಸ್ ಕೇಳದ ಕಾವಲುಗಾರ

ಕಾಗದ ಸರಿಯಿದ್ದರೆ ನನಗೆ ಲೋಕವೆಲ್ಲ ಸರಿ ಕಾಣುತ್ತದೆ. ಇಪ್ಪತ್ತು ವರ್ಷ ಕುಳಗಿ ದಾರಿಯ ಅರಣ್ಯ ಗೇಟಿನಲ್ಲಿ ಮರ ಸಾಗಣೆಯ ಪಾಸ್ ನೋಡಿ ನೋಡಿ ಅಂಟಿದ ರೋಗವಿದು.

ನನ್ನ ಜೊತೆಗಿದ್ದ ವಾಚರ್ ತುಕಾರಾಮನಿಗೆ ಓದಲು ಬಾರದು. ಅವನು ಗಾಡಿಯನ್ನೇ ನೋಡುತ್ತಿದ್ದ. ಒಮ್ಮೆ ಹಳಿಯಾಳಕ್ಕೆ ಹೊರಟ ಮದುವೆಯ ಟೆಂಪೋ ಬಂತು. ಪಾಸ್ ಚೊಕ್ಕವಾಗಿತ್ತು: ಸಾಗವಾನಿ ಮಂಚ, ಒಂದು. ನಾನು ಗೇಟು ಎತ್ತಿಸುವಷ್ಟರಲ್ಲಿ ತುಕಾರಾಮ, "ಮದಿಮಗನ್ನ ಇಳಸ್ರಿ" ಎಂದ. ಮದುಮಗ ಬಾಸಿಂಗ ಹಿಡಿದುಕೊಂಡು ಇಳಿದ. ಬೀಗರು ಇಳಿದರು. ಬಾಜಾದವರೂ ಡೋಲಿನೊಂದಿಗೆ ಇಳಿದರು.

"ಸಾಹೇಬ್ರ, ಮಂದಿ ಇಳದ್ರೂ ಟೆಂಪೋದ ಟೊಂಕ ಏಳವಲ್ದು!"

ಜಮಖಾನೆಯ ಕೆಳಗೆ ಇನ್ನೂ ನಾಲ್ಕು ಮಂಚಕ್ಕಾಗುವಷ್ಟು ಹಲಗೆಗಳಿದ್ದವು.

ಅದೇ ತುಕಾರಾಮ ಒಂದು ದಿನ ನಮ್ಮ ಮನೆಗೆ ಚಹಾಕ್ಕೆ ಬಂದಾಗ ನನ್ನ ಹೆಂಡತಿ ಗಿರಿಜೆ ನೀರು ತರುತ್ತಿದ್ದಳು. "ಅಕ್ಕಾರ, ಕೊಡ ಬಲಕಿನ ಟೊಂಕ ಬಿಟ್ಟು ಎಡಕ್ಕ ಯಾಕ ಬಂತ್ರಿ?"

"ಏನಿಲ್ಲೋ ತಮ್ಮಾ."

"ನನ್ನ ಹೇಣ್ತಿನ್ನೂ ತಪಾಸ ಮಾಡ್ತಿಯೇನಲೇ?" ಎಂದು ನಾನು ನಕ್ಕೆ. ಅವಳ "ಏನಿಲ್ಲ" ನನಗೆ ಮೊಹರು ಬಿದ್ದ ಪಾಸು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳ ಬಲ ಎದೆಯ ಗಂಟು ಪತ್ತೆಯಾಗುವಾಗ ಆರು ತಿಂಗಳು ಕಳೆದಿತ್ತು.

ಅಲ್ಲಿಯ ಎಳೆ ವಯಸ್ಸಿನ ಡಾಕ್ಟರು, ಮೈಯ ಕಾವಲು ಇದನ್ನೇಕೆ ಹಿಡಿಯಲಿಲ್ಲವೆಂದು ತಾಳ್ಮೆಯಿಂದ ವಿವರಿಸಿದರು. ರಕ್ತದಲ್ಲಿದ್ದು ದೇಹ ಕಾಯುವ ಟಿ ಕೋಶಗಳಲ್ಲಿ ಹೆಚ್ಚಿನವಕ್ಕೆ, ಎದುರಿನ ಕೋಶ ತನ್ನೊಳಗಿನದರ ತುಣುಕೊಂದನ್ನು ಹೊರಗೆ ಹಿಡಿದು ತೋರಿಸಬೇಕಂತೆ. ಕ್ಯಾನ್ಸರ್ ಗಡ್ಡೆಯ ಕೋಶ ಎಷ್ಟೋ ಸಲ ಅದನ್ನೇ ಅಡಗಿಸುತ್ತದೆ. ಆದರೆ ಗಾಮಾ ಡೆಲ್ಟಾ ಎಂಬ ಕೆಲವು ಟಿ ಕೋಶಗಳಿಗೆ ಆ ತುಣುಕು ಬೇಡ. ಕೆಟ್ಟ ಕೋಶದೊಳಗೆ ಅತಿಯಾಗಿ ಕೂಡಿಬಿದ್ದ ಸಣ್ಣ ಫಾಸ್ಫೇಟ್ ವಸ್ತುಗಳ ಸುಳಿವು, ಸಂಕಟಕ್ಕೆ ಅದರ ಮೈಮೇಲೆ ಏಳುವ ಗುರುತು, ಇಷ್ಟರಿಂದಲೇ ಹಿಡಿಯುತ್ತವೆ.

"ಅಯ್ಯ, ಇದು ನಮ್ಮ ತುಕಾರಾಮ!" ಎಂದೆ. ಡಾಕ್ಟರು ಆ ಹೆಸರಿನ ಔಷಧಿಯನ್ನು ನೆನಪಿಸಿಕೊಳ್ಳತೊಡಗಿದರು. ಗಿರಿಜೆ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು.

"ಅಂಥವು ಈಕಿ ಮೈಯಾಗ ಇಲ್ಲೇನ್ರಿ?"

"ಅದಾವ್ರಿ. ಸಾಲವಲ್ವು."

ಹೊರಗಿನ ಬೆಂಚಿನ ಮೇಲೆ ಕುಳಿತು, ತುಕಾರಾಮನನ್ನು ತುರ್ತಾಗಿ ವರ್ಗ ಮಾಡಬೇಕೆಂದು ಮೇಲಧಿಕಾರಿಗಳಿಗೆ ಅರ್ಜಿ ಬರೆಯತೊಡಗಿದೆ. ವರ್ಗದ ಸ್ಥಳ ಎಂಬಲ್ಲಿ ಗಿರಿಜೆಯ ಮೈ ಎಂದು ಬರೆಯಲಾಗದೆ ಪೆನ್ನು ನಿಂತಿತು.

ಗಿರಿಜೆ ಆ ಮಳೆಗಾಲ ದಾಟಲಿಲ್ಲ.

ತಿಂಗಳಾದ ಮೇಲೆ ತುಕಾರಾಮ ಬಂದ. "ಹೆಂಗದೀರಿ, ಸಾಹೇಬ್ರ?"

"ಏನಿಲ್ಲೋ. ಆರಾಮ ಅದೇನಿ."

ಅವನು ನನ್ನ ಮುಖ ನೋಡಲಿಲ್ಲ. ಗಿರಿಜೆ ಇದ್ದಾಗಿನ ರೂಢಿಯಂತೆ ನಾನು ಸೋಸಿಟ್ಟಿದ್ದ ಎರಡು ಚಹಾ ಕಪ್ಪುಗಳನ್ನು ನೋಡಿದ. ನನ್ನದು ಖಾಲಿ, ಇನ್ನೊಂದು ಆರಿ ಕೆನೆಗಟ್ಟಿತ್ತು. ಅದನ್ನೆತ್ತಿ, ಏನೂ ಕೇಳದೆ, ಕುಡಿದು ಮುಗಿಸಿದ.

"ನಾಳೆನೂ ಬರ್ತೇನ್ರಿ. ಸಕ್ರಿ ಚೂರು ಜಾಸ್ತಿ ಹಾಕ್ರಿ."

ಈಗ ಎರಡನೆಯ ಕಪ್ಪಿಗೆ ಸಕ್ಕರೆ ಹೆಚ್ಚು ಹಾಕುತ್ತೇನೆ.