ದೋಣಿಯ ಮುದುಕನ ಬಗ್ಗೆ ನಾನು ಹೇಳಿದ ಸುಳ್ಳು

ನಾನು ಸುಳ್ಳು ಹೇಳಿದ್ದೇನೆ. ಗುಬ್ಬಿಯ ವೇದಿಕೆಯಲ್ಲಿ, ಕುಣಿಗಲ್ಲಿನ ಶಾಲೆಗಳಲ್ಲಿ, ಕೊನೆಗೆ ತುಮಕೂರಿನ ಬಟವಾಡಿಯ ಒಂದು ಅಂಗಡಿಯ ಮುಂದೆ—ಅದೇ ಸುಳ್ಳನ್ನು, ಅದೇ ಏರುದನಿಯಲ್ಲಿ. ಅದು ಒಂದು ಕಂಪ್ಯೂಟರ್ ಆಟದ ಬಗ್ಗೆ ಹೇಳಿದ ಸುಳ್ಳು. ಆಟದ ಬಗ್ಗೆ ತಾನೆ, ಅದಕ್ಕೇಕೆ ಇಷ್ಟು ಎಂದು ನೀವು ಕೇಳಬಹುದು. ನಾನೂ ಬಹಳ ವರ್ಷ ನನ್ನನ್ನು ಹಾಗೆಯೇ ಕೇಳಿಕೊಂಡೆ. ಆ ಪ್ರಶ್ನೆಯ ಹಿಂದೆ ಅವಿತು ಕುಳಿತಿದ್ದೆ ಎನ್ನುವುದೇ ಸರಿಯಾದ ಮಾತು.

ಹೊಸ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ತುಮಕೂರಿನ ಕಾಲೇಜೊಂದರಲ್ಲಿ ಪದವಿ ಓದುತ್ತಿದ್ದ ನನಗೆ ಸಮಾಜವನ್ನು ತಿದ್ದುವುದು ನನ್ನ ಪಾಲಿಗೆ ಬಂದ ಕೆಲಸವೆಂಬ ನಂಬಿಕೆಯಿತ್ತು. ಆ ನಂಬಿಕೆ ಈಗಲೂ ಇದೆ. ಅದನ್ನು ಬಿಟ್ಟುಕೊಡಲು ಇದನ್ನು ಬರೆಯುತ್ತಿಲ್ಲ. ನನ್ನ ಆಯುಧ ಚರ್ಚಾಸ್ಪರ್ಧೆ. ಸ್ಪರ್ಧೆಗೆ ಪ್ರತಿ ಕಾಲೇಜಿನಿಂದ ಇಬ್ಬರು ಹೋಗಬೇಕಿತ್ತು—ಒಬ್ಬ ವಿಷಯದ ಪರ, ಇನ್ನೊಬ್ಬ ವಿರೋಧ. ಇಬ್ಬರ ಅಂಕ ಕೂಡಿಸಿ ತಂಡಕ್ಕೆ ಶೀಲ್ಡ್. ಹೀಗಾಗಿ ನಮ್ಮೊಳಗೆ ಯಾರೂ ಬರೆಯದ ಒಂದು ನಿಯಮವಿತ್ತು: ಬೇರೆ ಕಾಲೇಜಿನವರ ವಾದವನ್ನು ಎಷ್ಟಾದರೂ ಕತ್ತರಿಸಬಹುದು, ಜೊತೆಗಾರನ ವಾದಕ್ಕೆ ಮಾತ್ರ ಕೈ ಹಾಕಬಾರದು. ವೇದಿಕೆಯ ಮೇಲೆ ಎದುರಾಳಿಗಳಾಗಿ ಕಂಡರೂ ನಾವು ಒಂದೇ ತಂಡ.

ನನ್ನ ಜೊತೆಗಾರ ಇಮ್ತಿಯಾಜ್. ಅವನ ತಂದೆಗೆ ಬಟವಾಡಿಯಲ್ಲಿ ವಾಚ್ ರಿಪೇರಿ ಅಂಗಡಿ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವರು ಮುಂಭಾಗದಲ್ಲಿ ಕೂರುತ್ತಿದ್ದರು. ಪ್ಲೈವುಡ್ ಅಡ್ಡಗೋಡೆಯ ಹಿಂದೆ ಇಮ್ತಿಯಾಜ್ ಕೆಲವು ಕಂಪ್ಯೂಟರ್ ಹಾಕಿಕೊಂಡು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದ. ರಿಸಲ್ಟ್ ನೋಡಲು, ಅರ್ಜಿ ತುಂಬಲು ಬರುವವರಿಗಿಂತ ಆಟವಾಡಲು ಬರುವ ಹುಡುಗರೇ ಹೆಚ್ಚು. ಅವನ ಕಾಲೇಜಿನ ಖರ್ಚು ಅದರಿಂದಲೇ ಹುಟ್ಟುತ್ತಿತ್ತು.

ಗುಬ್ಬಿಯ ಸ್ಪರ್ಧೆಯ ವಿಷಯ ಪ್ರಕಟವಾಯಿತು: 'ಕಂಪ್ಯೂಟರ್ ಆಟಗಳು ಯುವಜನರಿಗೆ ಹಿತಕರ.' ಚೀಟಿ ಎತ್ತಿದಾಗ ಅವನಿಗೆ ಪರ, ನನಗೆ ವಿರೋಧ ಬಂತು. ನಾನೋ ಜನ್ಮದಲ್ಲಿ ಅಂಥ ಒಂದು ಆಟವನ್ನೂ ಆಡಿದವನಲ್ಲ. ಇಮ್ತಿಯಾಜ್ ನಕ್ಕ.

"ಬಾರೋ, ಮೊದ್ಲು ಆಡಿ ನೋಡು. ಆಮೇಲೆ ಬೈಯುವಂತೆ."

ಅವನಿಗೆ ಆಗತಾನೇ ಒಂದು ಹೊಸ ಆಟದ ಬೀಟಾ ಟೆಸ್ಟ್‌ನಲ್ಲಿ ಅವಕಾಶ ಸಿಕ್ಕಿತ್ತು. ಅಂದರೆ, ಮಾರುಕಟ್ಟೆಗೆ ಬರುವ ಮೊದಲು ಕಂಪನಿಯವರು ಆಯ್ದ ಕೆಲವರಿಗೆ ಆಟವನ್ನು ಕೊಟ್ಟು, ಆಡಿಸಿ, ತಪ್ಪು ಹುಡುಕಿಸಿ, ಮೊದಲ ಅನಿಸಿಕೆ ಕೇಳುವ ಕ್ರಮ. ಕತ್ತಿ ಹಿಡಿದ ಯೋಧನೊಬ್ಬನನ್ನು ನಾವೇ ನಡೆಸಬೇಕು, ನಾವೇ ಅವನಾಗಬೇಕು—ಅಂಥ ಆಟ.

"ಏನ್ಲಾ ಭಾಷಣಕಾರ, ಕತ್ತಿ ಹಿಡಿಯಕ್ಕೆ ಬರುತ್ತೇನ್ಲಾ? ಇಲ್ಲ ಅಲ್ಲೂ ಮೈಕ್ ಕೊಡ್ಬೇಕಾ?" ಎಂದು ಮೌಸನ್ನು ನನ್ನ ಕೈಗಿತ್ತ.

ನನ್ನ ಮೊದಲ ಅನಿಸಿಕೆಯನ್ನು ಇಂದು ಮೊದಲ ಬಾರಿಗೆ ನಿಜವಾಗಿ ಹೇಳುತ್ತೇನೆ: ನಾನು ಮರುಳಾದೆ. ಪರದೆಯ ಮೇಲೆ ಮಂಜು ಕವಿದ ಹೊಳೆ, ಗಾಳಿಗೆ ಬಾಗುವ ಜೊಂಡು, ಕತ್ತಿಯನ್ನು ಒರೆಯಿಂದ ಎಳೆದಾಗ ಮೈ ಜುಮ್ಮೆನ್ನಿಸುವ ಸದ್ದು. ಅರ್ಧ ತಯಾರಾದ ಆಟವಾದ್ದರಿಂದ ದೋಷಗಳೂ ಇದ್ದವು—ನನ್ನ ಯೋಧ ಬಂಡೆಯ ಮೇಲೆ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತಿದ್ದ. "ಕಂಪನಿಯೋರಿಗೆ ಅದನ್ನೂ ಹೇಳು. ತಪ್ಪು ಹುಡ್ಕೋದ್ರಲ್ಲಿ ನಿನ್ ಬಿಟ್ರೆ ಇನ್ಯಾರವ್ರೆ?" ಎಂದು ಇಮ್ತಿಯಾಜ್ ಚುಚ್ಚಿದ.

ಹೊಳೆಯ ದಡದಲ್ಲಿ ಒಂದು ದೋಣಿ. ದೋಣಿಯಲ್ಲಿ ಒಬ್ಬ ಮುದುಕ. ಆಚೆ ದಡಕ್ಕೆ ಹೋಗದೆ ಆಟ ಮುಂದುವರಿಯುವುದಿಲ್ಲ. ಮುದುಕ ಮಾತು ಶುರುಮಾಡಿದ. ಹೊಳೆಯ ಬಗ್ಗೆ, ತನ್ನ ಊರಿನ ಬಗ್ಗೆ—ಏನೇನೋ. ಅಕ್ಷರಗಳು ಒಂದೊಂದಾಗಿ ಪರದೆಯ ಮೇಲೆ ಮೂಡುತ್ತಿದ್ದವು. ಚರ್ಚಾಪಟುವಿಗೆ ಒಂದು ಚಟವಿರುತ್ತದೆ: ಎದುರಿನವರು ಮಾತಾಡುವಾಗ ಅವನು ಕೇಳುವುದಿಲ್ಲ, ತನ್ನ ಉತ್ತರ ಸಿದ್ಧಪಡಿಸುತ್ತಿರುತ್ತಾನೆ. ನಾನು ಗುಂಡಿ ಒತ್ತಿ ಒತ್ತಿ ಮುದುಕನ ಮಾತನ್ನು ಹಾರಿಸಿದೆ. ಅಷ್ಟಾದರೂ ಅವನು ದೋಣಿ ಬಿಚ್ಚಲಿಲ್ಲ. ಕತ್ತಿ ಬೀಸಿದೆ. ಅವನು ತಿರುಗಿ ಹೊಡೆಯಲಿಲ್ಲ. ಕೈ ಅಡ್ಡ ಹಿಡಿದು ಕುಸಿದ. ದೋಣಿ ನನ್ನದಾಯಿತು. ಆಚೆ ದಡದಲ್ಲಿ ಪುಟ್ಟ ಹುಡುಗಿಯೊಬ್ಬಳು ಊಟದ ಗಂಟು ಹಿಡಿದು ನಿಂತಿದ್ದಳು. ಅಜ್ಜ ಎಲ್ಲಿ ಎಂದು ನನ್ನನ್ನೇ ಕೇಳಿದಳು.

ಇಮ್ತಿಯಾಜ್ ನನ್ನ ಕೈಯಿಂದ ಮೌಸ್ ತೆಗೆದುಕೊಂಡ. ಆಮೇಲೆ, ತಮಾಷೆಯಿಲ್ಲದ ದನಿಯಲ್ಲಿ: "ಅವನ್ನ ಯಾಕೋ ಹೊಡೆದೆ? ಅವ್ನು ಮಾತಾಡ್ತಿದ್ದ ಕಣೋ."

ಆಟವನ್ನು ಮತ್ತೆ ಮೊದಲಿನಿಂದ ಶುರುಮಾಡಿ ಅವನು ತೋರಿಸಿದ. ಮುದುಕನ ಮಾತನ್ನು ಪೂರ್ತಿ ಕೇಳಿದರೆ, ಕೊನೆಯಲ್ಲಿ ಅವನೇ ಎದ್ದು ಹಗ್ಗ ಬಿಚ್ಚುತ್ತಾನೆ. ಕೂರಿಸಿಕೊಂಡು ದಾಟಿಸುತ್ತಾನೆ. ಅಷ್ಟೇ. ಕೇಳಬೇಕು—ಅಷ್ಟೇ.

"ನನ್ ಭಾಷಣಕ್ಕೆ ಇದೇ ಉದಾಹರಣೆ. ಆಟ ಕೆಡಿಸಲ್ಲ, ನಾವು ಎಂಥೋರು ಅಂತ ತೋರಿಸುತ್ತೆ. ಹೆಂಗೆ?" ಎಂದ. ಚೆನ್ನಾಗಿದೆ ಎಂದೆ. ಒಳಗೆ ಉರಿಯುತ್ತಿತ್ತು. ಆ ಉರಿಯ ಹೆಸರು ನಾಚಿಕೆ. ನಾನದನ್ನು ನೈತಿಕ ಕೋಪವೆಂದು ಕರೆದುಕೊಂಡೆ.

ಗುಬ್ಬಿಯಲ್ಲಿ ನನ್ನ ಸರದಿ ಅವನಿಗಿಂತ ಮೊದಲು ಬಂತು. ಮಾತು ಆರಂಭಿಸಿದಾಗ ಸಭೆ ತೂಕಡಿಸುತ್ತಿತ್ತು. ಬಾಯಿಪಾಠದ ವಾದಗಳು ಯಾರಿಗೂ ತಾಗುತ್ತಿರಲಿಲ್ಲ. ಆಗ—ಯೋಚಿಸಿ ಹೇಳಿದೆನೋ, ನಾಲಿಗೆಗೆ ತಾನಾಗಿ ಬಂತೋ—ಇಲ್ಲ, ಯೋಚಿಸಿಯೇ ಹೇಳಿದೆ: "ನಾನೇ ಆಡಿ ನೋಡಿದ್ದೇನೆ, ಮಹನೀಯರೇ. ನಿರಪರಾಧಿ ಮುದುಕನೊಬ್ಬನನ್ನು ಕೊಲ್ಲದೆ ಆ ಆಟದಲ್ಲಿ ಮುಂದೆ ಹೋಗಲು ದಾರಿಯೇ ಇಲ್ಲ!" ಊಟದ ಗಂಟು ಹಿಡಿದ ಹುಡುಗಿಯನ್ನೂ ತಂದೆ. ಸಭೆ ಎಚ್ಚೆತ್ತಿತು. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು.

ಬಳಿಕ ಇಮ್ತಿಯಾಜನ ಹೆಸರು ಕರೆದರು. ಅವನು ಮೈಕಿನ ಮುಂದೆ ನಿಂತು ನನ್ನ ಕಡೆ ನೋಡಿದ. ನಿಜ ಹೇಳಿದರೆ ಜೊತೆಗಾರನನ್ನೇ ಕತ್ತರಿಸಿದಂತೆ. ಅವನು ನೀರು ಕುಡಿದ. ದೋಣಿಯ ಮುದುಕನನ್ನು ತನ್ನ ಭಾಷಣದಿಂದ ಕಿತ್ತುಹಾಕಿ, ಉಳಿದ ಕುಂಟುವ ವಾಕ್ಯಗಳನ್ನು ಹೇಳಿ ಇಳಿದ. ಆ ನಿಯಮವನ್ನು ಅವನು ಪಾಲಿಸಿದ. ನಾನು ಆ ನಿಯಮದ ಮರೆಯಲ್ಲಿ ನಿಂತು ಅವನನ್ನು ಹೊಡೆದಿದ್ದೆ—ಇದು ನನಗೆ ಅಂದು ಹೊಳೆಯಲಿಲ್ಲ ಎಂದು ಬರೆದರೆ ಅದೂ ಸುಳ್ಳೇ ಆದೀತು.

ಶೀಲ್ಡ್ ನಮಗೇ ಬಂತು. ತುಮಕೂರಿಗೆ ಮರಳುವ ಬಸ್ಸಿನಲ್ಲಿ ಅದು ನಮ್ಮಿಬ್ಬರ ನಡುವೆ ಕುಳಿತಿತ್ತು. "ನೀನೇ ಹಿಡ್ಕೋಪ್ಪ, ನನ್ ಕೈ ನೋಯ್ತಿದೆ" ಎಂದ ಇಮ್ತಿಯಾಜ್, ಕಿಟಕಿಯ ಕಡೆ ತಿರುಗಿಕೊಂಡ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಭಾಷಣ ಹೆಸರು ಮಾಡಿತು. ಕುಣಿಗಲ್ಲಿನ ಶಾಲೆಗಳಿಗೆ ಕರೆದರು, ಹೋದೆ. ನಮ್ಮ ಯುವಕ ಸಂಘ ಆಟದ ಅಂಗಡಿಗಳ ವಿರುದ್ಧ ಮನೆಮನೆಗೆ ಹೋಗಿ ಮಾತಾಡಿತು, ಮುಂದಾಳು ನಾನೇ. ಹೋದಲ್ಲೆಲ್ಲ ದೋಣಿಯ ಮುದುಕ ನನ್ನೊಡನೆ ಬಂದ, ಪ್ರತಿ ಸಲವೂ ಸತ್ತ.

ಒಂದು ಸಂಜೆ ಬಟವಾಡಿಯ ಕೆಲವು ಪಾಲಕರು ಚಾಚಾನ ಅಂಗಡಿಯ ಮುಂದೆ ಸೇರಿದರು. ನಾನೂ ಅವರ ಜೊತೆಗಿದ್ದೆ. ಕರೆದಿದ್ದರು, ಬರುವುದಿಲ್ಲ ಎನ್ನುವ ಧೈರ್ಯವಿರಲಿಲ್ಲ.

"ಏನ್ ಸಾಹೇಬ್ರೇ, ಮುದುಕ್ರನ್ನ ಕೊಲ್ಲೋದು ಕಲಿಸ್ತಿದ್ದೀರಂತೆ ನಮ್ ಹುಡುಗ್ರಿಗೆ?" ಎಂದ ಒಬ್ಬ. ಹಿಂದಿನಿಂದ ಇನ್ನೊಬ್ಬ, "ಇವ್ರಿಗೆ ಅದೇ ತಾನೆ ಗೊತ್ತಿರೋದು" ಎಂದ. ಆ ಮಾತು ಆಟದ ಬಗ್ಗೆ ಆಗಿರಲಿಲ್ಲ. ಎಲ್ಲರಿಗೂ ಅದು ಗೊತ್ತಾಯಿತು; ನನಗೂ.

ಚಾಚಾ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಗುಂಪಿನಲ್ಲಿ ನನ್ನ ಮುಖ ಕಂಡು ಅವರಿಗೆ ಸಮಾಧಾನವಾಯಿತು—ಹೌದು, ಸಮಾಧಾನ. ಅದನ್ನು ನಾನು ಕಣ್ಣಾರೆ ಕಂಡೆ. "ಇವ್ರು ನಮ್ ಹುಡುಗನ ಜೊತೆಯವ್ರೇ, ಇಲ್ಲೇ ಕೂತು ಆಡವ್ರೆ. ನೀನೇ ಹೇಳಪ್ಪ ಶಿವು, ಹಂಗಿದ್ಯಾ ಅದ್ರಲ್ಲಿ?"

ಅಡ್ಡಗೋಡೆಯ ಬಳಿ ಇಮ್ತಿಯಾಜ್ ನಿಂತಿದ್ದ. ಇಲ್ಲಿ ವೇದಿಕೆಯಿರಲಿಲ್ಲ, ಅಂಕವಿರಲಿಲ್ಲ, ತಂಡವೂ ಇರಲಿಲ್ಲ. ಒಂದೇ ಒಂದು ಪದ ಬೇಕಿತ್ತು. ಊರೂರಲ್ಲಿ ಹೇಳಿದ್ದನ್ನು ಈ ಗುಂಪಿನೆದುರು ನುಂಗಿಕೊಂಡರೆ ನಾನು ಯಾರಾಗಿ ಉಳಿಯುತ್ತೇನೆ—ಇಷ್ಟೇ ಯೋಚಿಸಿದೆ.

"ಇದೆ" ಎಂದೆ.

ಹುಡುಗರು ಬರುವುದು ನಿಂತಿತು. ಕಂಪ್ಯೂಟರುಗಳನ್ನು ಮಾರಿದರು. ಇಮ್ತಿಯಾಜ್ ಕೊನೆಯ ವರ್ಷದ ಪರೀಕ್ಷೆಗೆ ಕೂರದೆ ಅಂತರಸನಹಳ್ಳಿಯ ಕಾರ್ಖಾನೆಯೊಂದಕ್ಕೆ ಸೇರಿದ. ನಾನು ಭಾಷಣಕಾರನಾದೆ.

ಇತ್ತೀಚೆಗೆ ಕುಣಿಗಲ್ಲಿನಿಂದ ಮತ್ತೆ ಕರೆ ಬಂದಿದೆ. "ಆ ದೋಣಿ ಮುದುಕನ ಕಥೆ ಹೇಳ್ಲೇಬೇಕು ಸಾರ್" ಎಂದರು ಸಂಘಟಕರು. ಅಂದೇ ಅಂತರಸನಹಳ್ಳಿಗೆ ಹೋಗಿ, ಶಿಫ್ಟ್ ಬಿಡುವ ವೇಳೆಗೆ ಗೇಟಿನ ಬಳಿ ನಿಂತೆ. ಇಮ್ತಿಯಾಜ್ ಬೈಕ್ ತಳ್ಳಿಕೊಂಡು ಬಂದ. ನಾನು ಸಿದ್ಧಪಡಿಸಿಕೊಂಡಿದ್ದ ಪೀಠಿಕೆಯ ಎರಡನೆಯ ವಾಕ್ಯಕ್ಕೇ ಅವನು ಕೈ ಎತ್ತಿದ.

"ನನ್ನತ್ರ ಯಾಕೋ ಹೇಳ್ತೀಯ? ನಂಗೆ ಗೊತ್ತಿರೋದೇ ತಾನೆ? ಗೊತ್ತಿಲ್ದೋರಿಗೆ ಹೇಳು." ಬೈಕ್ ಹತ್ತಿ, ಒದ್ದು ಸ್ಟಾರ್ಟ್ ಮಾಡಿ, ಮತ್ತೆ ಹೇಳಿದ: "ಅಪ್ಪ ಇನ್ನೂ ಅಂಗಡೀಲೇ ಕೂರ್ತಾರೆ."

ಪ್ರಾಯಶಃ ಮೊದಲ ಬಾರಿಗೆ, ಒಬ್ಬರ ಮಾತನ್ನು ಕೊನೆಯವರೆಗೆ ಕೇಳಿದ್ದೆ.

ಕುಣಿಗಲ್ಲಿಗೆ ಹೋಗುತ್ತೇನೆ, ಅವರು ಕೇಳಿದ ಕಥೆಯನ್ನೇ ಹೇಳುತ್ತೇನೆ, ನಡೆದ ಹಾಗೆ. ಗುಬ್ಬಿಗೂ ಹೋಗುತ್ತೇನೆ, ಕರೆಯದಿದ್ದರೂ. ಆದರೆ ಅದಕ್ಕೆಲ್ಲ ಮೊದಲು ಬಟವಾಡಿಗೆ—ಸಂಜೆ, ರಸ್ತೆಯಲ್ಲಿ ಜನರಿರುವ ಹೊತ್ತಿಗೆ, ಅಂದು ನಿಂತಿದ್ದ ಜಾಗದಲ್ಲೇ ನಿಂತು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ. ಚಾಚಾ ಕ್ಷಮಿಸಲಿ ಎಂದು ಹೋಗುತ್ತಿಲ್ಲ. ಅವರು ನನ್ನನ್ನು ನಂಬಿ ಒಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ಉತ್ತರ ಬಾಕಿಯಿದೆ.

ಇಲ್ಲ, ಚಾಚಾ. ಹಂಗಿಲ್ಲ ಅದ್ರಲ್ಲಿ. ಅವನನ್ನ ಹೊಡೆದೋನು ನಾನು.