ಅಪ್ಪಂದಿರ ಕುರಿ

ಕೊರಳಗಂಟೆಗಳ ಸದ್ದು ಕಿಟಕಿಯಾಚೆ ಕೇಳಿತೆಂದರೆ ಅಹಲ್ಯಾಬಾಯಿ ಪಾಠ ನಿಲ್ಲಿಸುತ್ತಿದ್ದರು. ಗೂಗಲ್ ಹಳ್ಳಿಯ ಕಡೆಯ ಹೊಳೆದಂಡೆಗೆ ಹೋಗುವ ಕುರಿಹಿಂಡುಗಳಿಗೆ ದೇವದುರ್ಗದ ಆ ಹೈಸ್ಕೂಲಿನ ಗೋಡೆಯ ಪಕ್ಕವೇ ದಾರಿ. ಬೇರೆ ಮಾಸ್ತರರು ಕಿಟಕಿ ಮುಚ್ಚಿಸುತ್ತಿದ್ದರು. ಇವರು ಹೊರಗೆ ಕೈ ತೋರಿಸಿ, ಒಂದಿದ್ದರೂ ಶೀಪ್, ಹಿಂಡಿದ್ದರೂ ಶೀಪ್, ಅದಕ್ಕೆ ಎಸ್ ಹಚ್ಚಿದವರು ಹಿಂಡಿನ ಹಿಂದೆಯೇ ಹೋಗಬೇಕು ಎಂದು ನಗಿಸುತ್ತಿದ್ದರು.

ಅವರದು ಮಾನ್ವಿಯ ವೈಷ್ಣವ ಮನೆತನ. ಗುಡಿಯ ಪೂಜೆ ಮುಗಿಸಿ ಬಂದ ತಂದೆ ಮಗಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ದ್ವಿವಚನವನ್ನೇ ಅರಗಿಸಿಕೊಂಡವಳಿಗೆ, ಎರಡೇ ವಚನದ ಇಂಗ್ಲಿಷು ಹಗುರವಾಗಿ ಕಂಡಿತು. ರಾಯಚೂರಿನಲ್ಲಿ ಓದು ಮುಗಿಸಿ, ೧೯೭೯ರಲ್ಲಿ ದೇವದುರ್ಗಕ್ಕೆ ಹಂಗಾಮಿ ಟೀಚರಾಗಿ ಬಂದರು. ಎರಡು ವರ್ಷವಾದರೂ ನೌಕರಿ ಕಾಯಂ ಆಗಿರಲಿಲ್ಲ.

ಮಕ್ಕಳಿಗೆ ಬಹುವಚನ ಬೇಗ ಒಲಿಯಿತು. ತಲೆ ತಿಂದದ್ದು, ಯಾರದು ಎಂದು ತೋರಿಸಲು ಎಸ್ಸಿನ ಪಕ್ಕ ಮೇಲೆ ಹಚ್ಚುವ ಆ ಸಣ್ಣ ಕೊಕ್ಕೆ, ಅಪಾಸ್ಟ್ರಫಿ. ಅದನ್ನು ಬಿಡಿಸಿದವಳು ಕುರುಬರ ಹುಡುಗಿ ಕರೆಮ್ಮ. "ಟೀಚರ್ರೀ, ಇದು ಕುರಿ ಕಿವಿ ಕೊಯ್ದ ಗುರುತಿದ್ದಂಗ ಅದ" ಎಂದಳು. ಹಿಂಡು ಹಿಂಡು ಕಲೆತಾಗ ಯಾರ ಕುರಿ ಎಂದು ತಿಳಿಯಲು ಅವರ ಮಂದಿ ಕಿವಿಯಂಚನ್ನು ಸೀಳುತ್ತಿದ್ದರು. ಅಂದಿನಿಂದ ಆ ತರಗತಿಯಲ್ಲಿ ಕೊಕ್ಕೆಯ ಹೆಸರು ಕಿವಿಗುರುತು. ಒಡೆಯ ಒಬ್ಬನಾದರೆ ಎಸ್ಸಿನ ಮುಂಚೆ, ಹಲವರಾದರೆ ಎಸ್ ಆದ ಮೇಲೆ. ಬಾಯಲ್ಲಿ ಎರಡೂ ಒಂದೇ ಉಲಿ, ಹಲಗೆಯ ಮೇಲೆ ಮಾತ್ರ ಬೇರೆ.

ಮುಂದೊಂದು ದಿನ ರಾಯಚೂರಿನಿಂದ ಶಾಲೆ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಅಹಲ್ಯಾಬಾಯಿಯ ನೌಕರಿ ಉಳಿಯುವುದು, ಬಿಡುವುದು ಅವರ ಒಂದು ಮಾತಿನ ಮೇಲಿತ್ತು. ಅವರು ಕರೆಮ್ಮನನ್ನು ಎಬ್ಬಿಸಿ, ನಿಮ್ಮ ಮನೆಯ ಕುರಿ ಯಾರವು, ಇಂಗ್ಲಿಷಿನಲ್ಲಿ ಬರೆ ಎಂದರು. ಅವಳು 'ಮೈ ಫಾದರ್ಸ್ ಶೀಪ್' ಎಂದು ದುಂಡಗೆ ಬರೆದು, ಕೊಕ್ಕೆಯನ್ನು ಎಸ್ಸಿನ ಆಚೆ ಇಟ್ಟಳು.

ಸಾಹೇಬರು ನಕ್ಕರು. "ಎಷ್ಟು ಮಂದಿ ಅಪ್ಪಂದಿರು ಅದಾರವಾ ನಿನಗ?"

ತರಗತಿಯೂ ನಕ್ಕಿತು. ಕರೆಮ್ಮ ನಗಲಿಲ್ಲ. "ಮೂರು ಮಂದಿರೀ. ದೊಡ್ಡಪ್ಪ, ನಮ್ಮಪ್ಪ, ಸಣ್ಣಪ್ಪ. ಹಿಂಡು ಮೂವರದೂ ಕೂಡೇ ಅದ."

ಇಂಗ್ಲಿಷಿನಲ್ಲಿ ಅಪ್ಪ ಒಬ್ಬನೇ, ಉಳಿದವರೆಲ್ಲ ಅಂಕಲ್ ಎಂದು ಸಾಹೇಬರು ತಿಳಿಸಿದರು. ತಪ್ಪೇನೂ ಹೇಳಿರಲಿಲ್ಲ. ಆದರೆ ಹಾಗೆಂದು, ಕೊಕ್ಕೆಯನ್ನು ಅಳಿಸಿ ಎಸ್ಸಿನ ಮುಂಚೆ ತರಲು ಟೀಚರಿಗೆ ಹೇಳಿದರು.

ಅಹಲ್ಯಾಬಾಯಿ ಸುಣ್ಣದ ಕಡ್ಡಿ ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದರು: 'ಮೈ ಫಾದರ್ ಅಂಡ್ ಅಂಕಲ್ಸ್ ಶೀಪ್'. ಪರೀಕ್ಷೆಯಲ್ಲಿ ಹೀಗೆ ಬರೆಯಬೇಕು, ಹಿಂಡು ಕೂಡಿದ್ದರೆ ಕಿವಿಗುರುತು ಕೊನೆಗೆ ಒಂದೇ ಸಾಕು ಎಂದು ಮಕ್ಕಳಿಗೆ ಹೇಳಿದರು. ಮೇಲಿನ ಸಾಲನ್ನು ಮುಟ್ಟಲಿಲ್ಲ.

"ಅಂಕಲ್ ಅನ್ನೋ ಶಬ್ದ ನಾ ಕಲಿಸಿರಲಿಲ್ಲ, ಅದು ನಂದು ತಪ್ಪು ಸಾಹೇಬ್ರ. ಆದ್ರ ಗುರುತು ಸರಿ ಹಾಕ್ಯಾಳ. ಈಚೆ ತಂದ್ರ ಹಿಂಡು ಒಬ್ಬಂದಾಗ್ತದ. ಅದು ಸುಳ್ಳು."

ಸಾಹೇಬರು ಹೆಡ್‌ಮಾಸ್ತರರ ಕೋಣೆಯ ಕಡೆ ನಡೆದರು.

ಹೆಡ್‌ಮಾಸ್ತರ್ ಗೋಪಾಲಕೃಷ್ಣರು ಅಹಲ್ಯಾಬಾಯಿಯನ್ನು ಪಡಸಾಲೆಗೆ ಕರೆದರು. ಈಕೆ ಇಲ್ಲೇ ಉಳಿಯಲಿ ಎಂಬುದೇ ಅವರ ಆಸೆ. "ಬಾಯಾರ, ಒಂದು ಕೊಕ್ಕಿ ಸಲುವಾಗಿ ನೌಕರಿ ಕಳ್ಕೋತೀರೇನ್ರಿ? ಸಾಹೇಬ್ರು ಚಹಾ ಕುಡಿಯಾಕತ್ತಾರ. ಬರ್ರಿ, ತಪ್ಪಾತು ಅಂದ್ರ ಮುಗೀತು."

ಅಂಜಿಕೆ ಇರಲಿಲ್ಲ ಎಂದಲ್ಲ. ಮಾನ್ವಿಯ ಮನೆ ನೆನಪಾಯಿತು, ನೌಕರಿ ಬಿಟ್ಟು ಹೋದರೆ ಸುಮ್ಮನೆ ಬಾಗಿಲು ತೆರೆಯುವ ತಂದೆ ನೆನಪಾದರು. ಸರಿ ಇದ್ದದ್ದನ್ನು ಅಳಿಸಿ ಬಂದೆ ಎಂದರೆ, ಮಗಳೊಂದಿಗೆ ಎಂದೂ ಏಕವಚನ ಬಿಡದ ಆ ತಂದೆ ಯಾವ ವಚನದಲ್ಲಿ ಮಾತಾಡಿಸುವರೋ.

"ತಪ್ಪಿದ್ದದ್ದಕ್ಕ ತಪ್ಪಂದೀನ್ರೀ," ಎಂದರು. "ಇಲ್ಲದ್ದಕ್ಕ ಹೆಂಗನ್ಲಿ?"

"ಹಂಗಲ್ರೀ, ಸಾಹೇಬ್ರ ಮನಸ್ಸು..." ಎಂದು ಗೋಪಾಲಕೃಷ್ಣರು ಶುರುಮಾಡುವುದಕ್ಕೂ ಮುಂದಿನ ಪಿರಿಯಡ್ಡಿನ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಎಂಟನೇ ತರಗತಿಗೆ ಅಂದು ಎತ್ತಿನ ಬಹುವಚನ ಹೇಳಬೇಕಿತ್ತು, ಆಕ್ಸ್, ಆಕ್ಸೆನ್, ಎಸ್ ಒಲ್ಲದ ಇನ್ನೊಂದು ಶಬ್ದ. ಹೆಡ್‌ಮಾಸ್ತರರು ಮಾತು ಮುಂದುವರಿಸುತ್ತಲೇ ಇದ್ದರು. ಅಹಲ್ಯಾಬಾಯಿ ಸೆರಗಿನ ಸುಣ್ಣದ ಪುಡಿ ಕೊಡವಿಕೊಂಡು ತರಗತಿಯ ಕಡೆ ನಡೆದರು.